ಆಟ ಇಲ್ಲದ ಕಾರು

ಪೀಣ್ಯದಲ್ಲಿ ‘ಆಟ’ ಎಂದರೆ ಒಳ್ಳೆಯ ಮಾತಲ್ಲ. ಬೇರಿಂಗಿನೊಳಗೆ ಶಾಫ್ಟು ಕೂದಲೆಳೆಯಷ್ಟು ಅಲ್ಲಾಡಿದರೂ ‘ಆಟ ಇದೆ’ ಎನ್ನುತ್ತಾರೆ. ಆಟ ಇರುವ ಮಾಲು ವಾಪಸ್ಸು ಹೋಗುತ್ತದೆ. ಆ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಟ ಹುಡುಕುವುದೇ ನನ್ನ ಕೆಲಸ. ಅದಕ್ಕಾಗಿ ಯಾರೂ ನನಗೆ ತರಬೇತಿ ಕೊಡಬೇಕಾಗಿರಲಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ಓಡಿಬರುವವರ ಪೈಕಿ ನಾನು. ಬೀಗ ಹಾಕಿ, ಜಗ್ಗಿ ನೋಡಿ, ಅರ್ಧ ಮೆಟ್ಟಿಲು ಇಳಿದು, ಮತ್ತೆ ಹತ್ತಿ ಜಗ್ಗುತ್ತೇನೆ. ಹೆಂಡತಿ ಕೆಳಗೆ ನಿಂತು, “ಕಿತ್ಕೊಂಡು ಕೈಗೆ ಬರ್ಲಿ ಅಂತ ಕಾಯ್ತಿದೀರಾ?” ಎನ್ನುತ್ತಾಳೆ.

ಆ ವರ್ಷ ನಮ್ಮ ಮನೆಯಲ್ಲಿ ಇದೇ ಮಾತು ಬೇರೆ ಅರ್ಥದಲ್ಲಿ ಓಡಾಡುತ್ತಿತ್ತು. ಅವಳು ಬಸುರಿ. ಐದು ತಿಂಗಳು ತುಂಬಿದ ಮೇಲೆ ಡಾಕ್ಟರು ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು, “ಮಗು ಆಡ್ತಾ ಇದೆಯಾ?” ಎಂದು. ಆಮೇಲೆ ಅದು ನನ್ನ ಬಾಯಿಗೂ ಬಂತು. ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಕೇಳುತ್ತಿದ್ದೆ. ಊಟದ ಬೆಲ್ಲಾದ ಕೂಡಲೇ ಫೋನ್ ಮಾಡಿ ಕೇಳುತ್ತಿದ್ದೆ.

“ಆಡ್ತಾ?”

“ಆಡ್ತು.”

ಅಷ್ಟು ಕೇಳಿಸಿಕೊಂಡರೆ ಮಾತ್ರ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು. ದಿನವಿಡೀ ಆಟ ಇದ್ದದ್ದನ್ನೆಲ್ಲ ರಿಜೆಕ್ಟ್ ಮಾಲಿನ ಕೆಂಪು ಡಬ್ಬಕ್ಕೆ ಎಸೆದು ಬಂದು, ಸಂಜೆ ಆಟ ಇದೆಯಲ್ಲ ಎಂದು ದೇವರಿಗೆ ಕೈಮುಗಿಯುವ ಮನುಷ್ಯನನ್ನು ನೋಡಿ ಅವಳಿಗೆ ನಗು. ನನಗೆ ನಗು ಬರುತ್ತಿರಲಿಲ್ಲ.

ಹಿಂದಿನ ವರ್ಷ ಒಂದು ಕಳೆದುಕೊಂಡಿದ್ದೆವು. ಮೂರನೆಯ ತಿಂಗಳು. ಮೇಲ್ಸೇತುವೆಯ ಕಂಬ ಎಬ್ಬಿಸಲು ತುಮಕೂರು ರಸ್ತೆಯನ್ನು ಉದ್ದಕ್ಕೂ ಅಗೆದು ಹಾಕಿದ್ದ ಕಾಲ ಅದು. ಒಂದು ಬೆಳಿಗ್ಗೆ ಅವಳು ದಾಸರಹಳ್ಳಿಯಿಂದ ಯಶವಂತಪುರಕ್ಕೆ ಆಟೋದಲ್ಲಿ ಹೋಗಿ ಬಂದಳು. ಸಂಜೆಗೆ ಹೊಟ್ಟೆನೋವು ಶುರುವಾಯಿತು. ಆಟೋಗೂ ಇದಕ್ಕೂ ಸಂಬಂಧವೇ ಇಲ್ಲ, ಮೊದಲ ತಿಂಗಳುಗಳಲ್ಲಿ ಹೀಗಾಗುವುದಕ್ಕೆ ಬೇರೆ ಕಾರಣಗಳಿರುತ್ತವೆ ಎಂದು ಡಾಕ್ಟರು ನಿಧಾನವಾಗಿ, ಒಂದಲ್ಲ ಎರಡು ಸಲ ಹೇಳಿದರು. ಇಬ್ಬರೂ ತಲೆಯಾಡಿಸಿದೆವು. ಇಬ್ಬರೂ ನಂಬಲಿಲ್ಲ. ಅವಳ ತಾಯಿಯಂತೂ ಬಂದವರಿಗೆಲ್ಲ “ಆಟೋದಲ್ಲಿ ಕುಲುಕಿಬಿಡ್ತು” ಎಂದೇ ಹೇಳುತ್ತಿದ್ದರು. ಆ ರಸ್ತೆಯ ಮೇಲೆ ನನಗೆ ಹುಟ್ಟಿದ ದ್ವೇಷ ಯಾವ ಮನುಷ್ಯರ ಮೇಲೂ ಹುಟ್ಟಿರಲಿಲ್ಲ.

ಈ ಸಲ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟು ಅವಳು ತವರಿಗೆ ಹೋದಳು. ತವರೇನು ದೂರವಲ್ಲ, ಜಾಲಹಳ್ಳಿ ಹತ್ತಿರ, ಕಾರ್ಖಾನೆ ನೌಕರರ ಬಡಾವಣೆ. ಆದರೆ ಆಸ್ಪತ್ರೆ ಯಶವಂತಪುರದ ಆಚೆ. ಯಾವ ಕಡೆಯಿಂದ ಹೋದರೂ ಅದೇ ಅಗೆದ ರಸ್ತೆಗೆ ಬಂದು ಬೀಳಬೇಕು. ಸೀಮಂತದ ದಿನವೇ ಮಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

“ಅಳಿಯಂದ್ರೆ, ಇನ್ಮೇಲೆ ಆಟೋ ಬೇಡ. ನಮ್ಮ ಕಾರಿದೆ. ಅದರಲ್ಲೇ ಕರ್ಕೊಂಡು ಹೋಗಿ.”

ಮಾವ ಸರ್ಕಾರಿ ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದು ನಿವೃತ್ತರಾದವರು. ಬೆಳಿಗ್ಗೆ ಸೈರನ್ ಆದ ಮೇಲೆ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸುವುದು ಅವರ ಕೆಲಸವಾಗಿತ್ತು. ಯಂತ್ರಗಳಿಗೂ ಅವರಿಗೂ ಅಷ್ಟಕ್ಕಷ್ಟೆ. ಹಿಂದೆ ನಮ್ಮ ರಸ್ತೆಗಳಲ್ಲಿ ಕಾಣುತ್ತಿದ್ದದ್ದು ಎರಡೇ ನಮೂನೆಯ ಕಾರು: ಮಂತ್ರಿಗಳು ಓಡಾಡುವ ದಪ್ಪನೆಯದು, ಡಾಕ್ಟರು, ವಕೀಲರು ಓಡಾಡುವ ಸಣ್ಣದು. ಮಾವನದು ಸಣ್ಣದು. ಕೆನೆಬಣ್ಣ, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಓಡಿಸಿದ್ದಕ್ಕಿಂತ ತೊಳೆದದ್ದೇ ಜಾಸ್ತಿ. ಆಯುಧಪೂಜೆಗೆ ಅದರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಒಂದಡಿ ಮುಂದೆ ಬಿಟ್ಟರೆ ವರ್ಷದ ಪ್ರಯಾಣ ಮುಗಿಯಿತು.

ಅದರಲ್ಲಿ ಅವಳನ್ನು ಕೂರಿಸಿಕೊಂಡು ಮೊದಲ ಸಲ ಬಡಾವಣೆಯ ಗೇಟು ದಾಟಿದಾಗಲೇ ಅದರ ಸ್ಥಿತಿ ಗೊತ್ತಾಯಿತು. ಸಣ್ಣ ಹಳ್ಳ ಬಂದರೂ ಕಾರು ಒಂದು ಪಕ್ಕಕ್ಕೆ ಕುಸಿದು, ಕಿರ್ರೆಂದು ನರಳಿ, ನಿಧಾನವಾಗಿ ಏಳುತ್ತಿತ್ತು. ಬ್ರೇಕು ಹಾಕಿದರೆ ಮುಂದಿನಿಂದ ಟಕ್ಕೆಂದು ಶಬ್ದ. ಹಿಂದಿನ ಸೀಟಿನಲ್ಲಿ ಅವಳ ಬಳೆಗಳು ಒಂದೇ ಸಮ ಸದ್ದು ಮಾಡುತ್ತಿದ್ದವು. ನನಗೆ ಆವತ್ತಿನಿಂದ ಆ ಬಳೆಗಳೇ ಅಳತೆಗೋಲಾದವು. ಅವು ಎಷ್ಟು ಸದ್ದು ಮಾಡಿದರೆ ಅಷ್ಟು ಕುಲುಕಿತು ಎಂದರ್ಥ.

ಮರುದಿನವೇ ದಾಸರಹಳ್ಳಿಯ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ತೆಗೆದುಕೊಂಡು ಹೋದೆ. ಅವನು ಜಾಕ್ ಹಾಕಿ ಎತ್ತಿ, ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿದ.

“ಆಟ ಐತೆ ಸಾರ್. ಸುಮ್ನೆ ಆಟ ಅಲ್ಲ, ಜಾತ್ರೆ ಆಟ. ಮುಂದಿಂದೆಲ್ಲ ಬಿಚ್ಚಿ ಬುಷ್ ಹಾಕ್ಬೇಕು. ಬಿಟ್ಟು ಹೋಗಿ, ನೋಡಾಣ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಇನ್ನೊಂದು ಕಾರಿನ ನಟ್ಟು ಬೋಲ್ಟುಗಳು ಮಣ್ಣಲ್ಲಿ ಬಿದ್ದಿದ್ದವು. ಯಾವುದು ಯಾವ ಕಡೆಯದು ಎಂದು ಕೇಳಿದೆ. “ಎಲ್ಲ ಒಂದೇ ಸಾರ್” ಎಂದ. ಎಲ್ಲ ಒಂದೇ! ಎಡಗಡೆಯದನ್ನು ಬಲಗಡೆಗೆ ಹಾಕಿದರೆ ನನ್ನ ಕಾರ್ಖಾನೆಯಲ್ಲಿ ವಾರ ಪೂರ್ತಿ ಮೀಟಿಂಗ್ ನಡೆಯುತ್ತದೆ. ಆ ಚಕ್ರದ ಮೇಲೆ ಕೂರುವವಳು ನನ್ನ ಹೆಂಡತಿ. ಅವಳ ಹೊಟ್ಟೆಯಲ್ಲಿ ಇರುವುದು ನಮಗೆ ಎರಡನೇ ಸಲ ಸಿಕ್ಕಿದ ಅವಕಾಶ. ಕಾರನ್ನು ವಾಪಸ್ಸು ತಂದೆ. ನಾನೇ ಮಾಡುತ್ತೇನೆ ಎಂದು ಮಾವನಿಗೆ ಹೇಳಿದೆ. ಅಲ್ಲಿಯವರೆಗೆ ನಾನು ಬಿಚ್ಚಿ ಜೋಡಿಸಿದ್ದ ಅತಿ ದೊಡ್ಡ ವಸ್ತು ಮನೆಯ ಮಿಕ್ಸಿ.

ಮಾವ, “ಆಗ್ಲಿ. ಆದ್ರೆ ಬಿಚ್ಚಿದ ಮೇಲೆ ವಾಪಸ್ ಸೇರತ್ತೆ ತಾನೆ?” ಎಂದರು.

ಕಾರ್ಖಾನೆಯಲ್ಲಿ ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಊಟದ ಹೊತ್ತಿನಲ್ಲಿ ಅದರ ಮುಂದೆ ಕೂತು, ಬಿಚ್ಚಿ ಸೇರಿಸುವುದು ಹೇಗೆಂದು ಹುಡುಕಿದೆ. ಹಳೆಯ ಕಾರಿನ ಹುಚ್ಚು ಹಿಡಿದವರದ್ದೇ ಒಂದು ಅಡ್ಡೆ ಸಿಕ್ಕಿತು. ಯಾವ ಯಾವುದೋ ದೇಶದವರು, ಕಾರನ್ನು ಮನೆಮಗನಂತೆ ಸಾಕಿಕೊಂಡವರು. ಓದಿದಷ್ಟೂ ಭಯ ಜಾಸ್ತಿಯಾಯಿತು. ಮುಂದಿನ ಒಂದೊಂದು ಚಕ್ರದ ಒಳಬದಿಯಲ್ಲೂ ದಪ್ಪನೆಯ ಸುರುಳಿ ಸ್ಪ್ರಿಂಗು ಇರುತ್ತದೆ. ಕಾರಿನ ಭಾರಕ್ಕೆ ಅದು ಕುಗ್ಗಿ ಕೂತಿರುತ್ತದೆ. ಅದನ್ನು ಹಿಡಿದಿಟ್ಟಿರುವ, ಚಕ್ರವನ್ನು ಕಾರಿಗೆ ಸೇರಿಸುವ ಕಬ್ಬಿಣದ ತೋಳಿನ ಬೋಲ್ಟನ್ನು ಸುಮ್ಮನೆ ಬಿಚ್ಚಿದರೆ ಸ್ಪ್ರಿಂಗು ಚಿಮ್ಮಿ ಗೋಡೆ ಒಡೆಯಬಹುದು, ತಲೆ ಒಡೆಯಬಹುದು. ತಂದೆಯಾಗುವ ಮೊದಲೇ ತಲೆ ಒಡೆದುಕೊಂಡರೆ ಏನು ಗತಿ ಎಂದು ವಾರವಿಡೀ ಯೋಚಿಸಿದೆ.

ಕೊನೆಗೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಒಂದು ಕ್ಲ್ಯಾಂಪನ್ನು ಕಾರ್ಖಾನೆಯಲ್ಲೇ ಮಾಡಿಸಿದೆ. ಸ್ಕ್ರೂವಿನಂತೆ ಮರೆ ಕೊರೆದ ಉದ್ದನೆಯ ಸರಳು, ತುದಿಗೆ ಕೊಕ್ಕೆ. ಒಂದು ಕೊಕ್ಕೆ ಸಾಕಾಗುವಲ್ಲಿ ಎರಡು ಹಾಕಿಸಿದೆ. ಭಾನುವಾರ ಬೆಳಿಗ್ಗೆ ಕಾರಿನ ಮುಂಭಾಗವನ್ನು ಎತ್ತಿ, ಕಾರ್ಖಾನೆಗೆ ಯಂತ್ರಗಳು ಬರುವ ಪೆಟ್ಟಿಗೆಗಳ ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಮಾವ ಎಲ್ಲೋ ಒಳಗೆ ಹೋಗಿ ಬಂದರು. ತಿರುಗಿ ನೋಡಿದರೆ, ಹಳೆಯ ಕೇರಂ ಬೋರ್ಡನ್ನು ಎದೆಗೆ ಅಡ್ಡ ಹಿಡಿದುಕೊಂಡು ನಿಂತಿದ್ದಾರೆ.

“ನಂಗೊಂದು ಬೋರ್ಡ್ ಇಲ್ವಾ ಮಾವ?” ಎಂದೆ.

“ನೀವು ಮಾಡೋರು. ನಾನು ನೋಡೋನು. ನೋಡೋರ್ಗೆ ಅಪಾಯ ಜಾಸ್ತಿ” ಎಂದರು.

ಹೆಂಡತಿ ಕಿಟಕಿಯ ಒಳಗಿಂದ ಬಿದ್ದು ಬಿದ್ದು ನಗುತ್ತಿದ್ದಳು. ನನ್ನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಕ್ಲ್ಯಾಂಪು ಬಿಗಿ ಮಾಡಿ, ಬೋಲ್ಟು ತೆಗೆದು, ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ತೋಳು ಮೆಲ್ಲಗೆ ಕೆಳಗಿಳಿಯಿತು. ಕ್ಲ್ಯಾಂಪನ್ನು ಸಡಿಲ ಮಾಡುತ್ತ ಬಂದಂತೆ ಸ್ಪ್ರಿಂಗು ಸದ್ದಿಲ್ಲದೆ ಉದ್ದವಾಗಿ ನನ್ನ ಕೈಗೆ ಬಂತು. “ಇಷ್ಟೇನಾ?” ಎಂದು ಮಾವ ಕೇರಂ ಬೋರ್ಡು ಕೆಳಗಿಟ್ಟರು. ಅವರ ಮುಖದಲ್ಲಿ ನಿರಾಸೆಯೇ ಇತ್ತು.

ಬಿಚ್ಚಿದ್ದನ್ನೆಲ್ಲ ಹಳೆಯ ಪಂಚೆಯ ಮೇಲೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಜೋಡಿಸಿದೆ. ತೋಳು ಕಾರಿನ ಮೈಗೆ ಸೇರುವ ಕಡೆಯಲ್ಲೆಲ್ಲ ಒಂದೊಂದು ರಬ್ಬರಿನ ಬುಷ್ ಇರಬೇಕು. ಅಂದರೆ ಬೋಲ್ಟಿನ ಸುತ್ತ ಕೂರುವ ದಪ್ಪನೆಯ ಉಂಗುರ. ನಮ್ಮ ಕಾರಿನಲ್ಲಿ ಅದು ಎಣ್ಣೆ ಕುಡಿದು ಕುಡಿದು ಹಳೆಯ ಹುಣಸೆಹಣ್ಣಿನಂತೆ ಕಪ್ಪಗೆ ಕರಗಿ ಕೈಗೆ ಅಂಟಿತು. ಆಟ ಎಲ್ಲಿಂದ ಬಂತೆಂದು ಗೊತ್ತಾಯಿತು.

ಇನ್ನು ನಾನು ಮಾಡಿದ ಕೆಲಸ ಪೀಣ್ಯದವರಲ್ಲದೆ ಬೇರೆ ಯಾರೂ ಮಾಡುವಂಥದ್ದಲ್ಲ. ಬೇರೆ ಊರಿನವನಾಗಿದ್ದರೆ ಅಂಗಡಿಗೆ ಹೋಗಿ ಹೊಸ ರಬ್ಬರ್ ಬುಷ್ ಕೊಳ್ಳುತ್ತಿದ್ದ. ಪೀಣ್ಯದವನಿಗೆ ಅಂಗಡಿಗೆ ಹೋಗುವುದೆಂದರೆ ಸೋತ ಹಾಗೆ. ನಮ್ಮಲ್ಲಿ ಒಂದು ರಸ್ತೆಯಲ್ಲಿ ಎರಕ ಹೊಯ್ಯುತ್ತಾರೆ, ಮುಂದಿನ ರಸ್ತೆಯಲ್ಲಿ ಲೇತಿಗೆ ಹಾಕಿ ಕಡೆಯುತ್ತಾರೆ, ಅದರ ಹಿಂದಿನ ಸಂದಿಯಲ್ಲಿ ಉಜ್ಜಿ ಕನ್ನಡಿ ಮಾಡಿ ಕೊಡುತ್ತಾರೆ. ರಬ್ಬರು ಕರಗುವ ವಸ್ತು, ಅದನ್ನು ಹೇಗೆ ನಂಬುವುದು? ನಾನು ತೋಳಿನ ತೂತನ್ನೂ ಬೋಲ್ಟನ್ನೂ ಅಳೆದು, ಚಿತ್ರ ಬರೆದು, ಅಷ್ಟೂ ಬುಷ್‌ಗಳನ್ನು ಗನ್‌ಮೆಟಲ್ಲಿನಲ್ಲಿ ಮಾಡಿಸಿದೆ. ಗನ್‌ಮೆಟಲ್ ಎಂದರೆ ಕಂಚಿನಂಥ ಗಟ್ಟಿ ಲೋಹ, ಯಂತ್ರಗಳ ಬುಷ್ ಮಾಡುವುದು ಅದರಲ್ಲೇ. ಲೇತಿನವನು ಅಳತೆ ನೋಡಿ, “ಏನ್ ಗುರು, ಕಾರಿಗೋ ರಾಕೆಟ್ಟಿಗೋ?” ಎಂದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಬಂಗಾರದ ಬಣ್ಣದ ಆ ಬುಷ್‌ಗಳು ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಕೂರುತ್ತಿದ್ದವು. ಎಲ್ಲ ಜೋಡಿಸಿ, ಚಕ್ರ ಹಾಕಿ, ಹಿಡಿದು ಅಲ್ಲಾಡಿಸಿದೆ. ಆಟ ಸೊನ್ನೆ. ನಟ್ಟುಗಳಿಗೆಲ್ಲ ಕಾರ್ಖಾನೆಯಲ್ಲಿ ಮಾಡುವ ಹಾಗೆ ಹಳದಿ ಬಣ್ಣದ ಗೆರೆ ಎಳೆದೆ. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ತಪ್ಪುತ್ತದೆ, ಕಣ್ಣಿಗೆ ಕಾಣುತ್ತದೆ. ಆ ರಾತ್ರಿ ತಿಂಗಳುಗಳ ನಂತರ ಹಾಯಾಗಿ ನಿದ್ದೆ ಮಾಡಿದೆ.

ಮುಂದಿನ ತಪಾಸಣೆಗೆ ಅವಳನ್ನು ಅದರಲ್ಲೇ ಕರೆದುಕೊಂಡು ಹೋದೆ. ನರಳಾಟ ಇಲ್ಲ, ಟಕ್ಕೆನ್ನುವ ಶಬ್ದ ಇಲ್ಲ. ಸ್ಟೇರಿಂಗು ಹೇಳಿದಂತೆ ಕೇಳುತ್ತಿತ್ತು. ಆದರೆ ಅಗೆದ ರಸ್ತೆಗೆ ಇಳಿಯುತ್ತಿದ್ದಂತೆ ಬಳೆಗಳ ಸದ್ದು ಬದಲಾಯಿತು. ಮುಂಚೆ ಅವು ಜಲಜಲ ಎನ್ನುತ್ತಿದ್ದವು. ಈಗ ಒಂದೊಂದು ಜಲ್ಲಿಕಲ್ಲಿಗೂ ಚಿಟ್ ಚಿಟ್ ಎಂದು ಒಂದಕ್ಕೊಂದು ಹೊಡೆದುಕೊಳ್ಳುತ್ತಿದ್ದವು. ನನ್ನ ಹಲ್ಲುಗಳು ಕೂಡ.

“ಮುಂಚೆ ತೂಗ್ತಿತ್ತು ಕಣ್ರೀ” ಎಂದಳು ಅವಳು. “ಈಗ ಕುಟ್ಟತ್ತೆ.”

“ಹೊಸದಲ್ವಾ, ಸೆಟ್ ಆಗ್ಬೇಕು.”

“ಯಾರು, ಕಾರಾ ನಾನಾ?”

ಆಟ ಸೊನ್ನೆ ಇರುವ ಕಾರು ಕುಟ್ಟುವುದು ಹೇಗೆ ಸಾಧ್ಯ ಎಂದು ನನ್ನಷ್ಟಕ್ಕೆ ಸಿಟ್ಟು ಮಾಡಿಕೊಂಡೆ. ಅವಳನ್ನು ತವರಿಗೆ ಬಿಟ್ಟು ಕೆಲಸಕ್ಕೆ ಹೋದೆ.

ಮರುದಿನ ಊಟದ ಬೆಲ್ಲಾಯಿತು. ಫೋನ್ ಮಾಡಿದೆ.

“ಆಡ್ತಾ?”

“ಊಟ ಆಯ್ತಾ ರೀ?” ಎಂದಳು.

“ಆಡ್ತೇನೇ?”

“ಬೆಳಗ್ಗಿಂದ ಇಲ್ಲ ರೀ” ಎಂದಳು. “ಆಡತ್ತೆ ಬಿಡಿ ಅಂತ ಕಾಯ್ತಾ ಇದ್ದೆ.”

ಊಟದ ಡಬ್ಬಿಯನ್ನು ಮುಚ್ಚಿದೆನೋ ಇಲ್ಲವೋ ನೆನಪಿಲ್ಲ. ಯಾರದ್ದೋ ಬೈಕಿನ ಹಿಂದೆ ಕೂತು ಜಾಲಹಳ್ಳಿಗೆ ಬಂದೆ. ಬಾಗಿಲಲ್ಲಿ ಕಾರಿತ್ತು. ಬೇರೆ ಗಾಡಿ ಹುಡುಕಲು ಹೊತ್ತಿರಲಿಲ್ಲ, ಆಟೋ ಹತ್ತಿಸಲು ಧೈರ್ಯವಿರಲಿಲ್ಲ. ಮಾವ ಮುಂದೆ, ಅವಳೂ ಅತ್ತೆಯೂ ಹಿಂದೆ ಕೂತರು. ನಾನು ನಡೆಯುವ ವೇಗದಲ್ಲಿ ಹೊರಟೆ. ಹಿಂದೆ ಲಾರಿಗಳು ಹಾರನ್ನಿನಿಂದ ಕಿವಿ ಹರಿಯುತ್ತಿದ್ದವು. ನಾನು ರಸ್ತೆಯನ್ನು ನೋಡುತ್ತಿರಲಿಲ್ಲ, ಒಂದೊಂದು ಕಲ್ಲನ್ನು ನೋಡುತ್ತಿದ್ದೆ. ಎಷ್ಟು ತಪ್ಪಿಸಿದರೂ ಕಲ್ಲು ಸಿಕ್ಕೇ ಸಿಗುತ್ತಿತ್ತು, ಚಕ್ರಕ್ಕೆ ತಾಕಿದ್ದು ನೇರ ಸೀಟಿಗೆ ಬರುತ್ತಿತ್ತು, ಬಳೆ ಚಿಟ್ ಎನ್ನುತ್ತಿತ್ತು. ಈ ಸದ್ದು ನಿಂತರೆ ಸಾಕು ದೇವರೇ ಎಂದುಕೊಂಡೆ.

ಸ್ವಲ್ಪ ದೂರ ಹೋದ ಮೇಲೆ ನಿಜವಾಗಿಯೂ ನಿಂತಿತು. ರಸ್ತೆ ಹಾಗೇ ಇತ್ತು. ಕನ್ನಡಿಯಲ್ಲಿ ನೋಡಿದೆ. ಅವಳು ತನ್ನ ಬಲಗೈಯಿಂದ ಎಡಗೈಯ ಬಳೆಗಳನ್ನು ಒಟ್ಟಿಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು, ಬಲಗೈಯ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ ಸೆರಗಿನಲ್ಲಿ ಸುತ್ತಿದ್ದಳು. ನನ್ನ ಮುಖ ಅವಳಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ನನಗೆ ಕೇಳಿಸದಿರಲಿ ಎಂದು ಹಾಗೆ ಮಾಡಿದ್ದಳು. ನನಗೆ ಅಳು ಬಂತು. ಅಳುತ್ತಲೇ ಗೇರು ಬದಲಿಸಿದೆ. ಮಾವ ನೋಡಿಯೂ ನೋಡದಂತೆ ಕಿಟಕಿಯಾಚೆ ಮುಖ ತಿರುಗಿಸಿದರು.

ಆಸ್ಪತ್ರೆಯಲ್ಲಿ ನರ್ಸ್ ಅವಳಿಗೆ ಸಿಹಿ ಜ್ಯೂಸ್ ಕುಡಿಸಿ ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಯಂತ್ರ ಇಟ್ಟಳು. ಮೊದಲು ಬರೀ ಗರಗರ. ಆ ಗರಗರ ಮುಗಿಯುವವರೆಗೆ ನಾನು ಗೋಡೆ ಹಿಡಿದು ನಿಂತಿದ್ದೆ. ಆಮೇಲೆ ಯಾರೋ ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವ ಹಾಗೆ ಸದ್ದು ಬಂತು.

“ಚೆನ್ನಾಗಿದೆ ಸಾರ್. ನಿದ್ದೆ ಮಾಡ್ತಿತ್ತು ಅಷ್ಟೇ” ಎಂದಳು ನರ್ಸ್. ಅಷ್ಟರಲ್ಲಿ ಹೆಂಡತಿ ಬೆಚ್ಚಿದಂತೆ ಹೊಟ್ಟೆ ಮುಟ್ಟಿಕೊಂಡು, “ಆಡ್ತು” ಎಂದಳು.

ಡಾಕ್ಟರು ಬಂದು ನೋಡಿದರು. ವಯಸ್ಸಾದ ಹೆಂಗಸು, ನಮ್ಮ ಹಿಂದಿನ ಕಥೆ ಗೊತ್ತಿದ್ದವರು. ಕಾರು, ರಸ್ತೆ, ಕುಲುಕಾಟ ಎಂದು ನಾನು ತಡವರಿಸಿದ್ದನ್ನು ಪೂರ್ತಿ ಕೇಳಿಸಿಕೊಂಡರು.

“ಒಳಗೆ ನೀರಿದೆಯಲ್ರೀ” ಎಂದರು. “ಮಗು ಅದ್ರಲ್ಲಿ ತೇಲ್ತಿರತ್ತೆ. ಎಲ್ಲೂ ಬಿಗಿಯಾಗಿ ಕಚ್ಕೊಂಡು ಕೂತಿಲ್ಲ. ಅದಕ್ಕೇ ನಿಮ್ಮ ರಸ್ತೆ ಅದಕ್ಕೆ ತಾಕಲ್ಲ. ಆಡೋದು ಕಮ್ಮಿ ಅನ್ಸಿದ್ರೆ ಈಗ ಬಂದ್ರಲ್ಲ, ಹಾಗೇ ತಕ್ಷಣ ಬನ್ನಿ. ಆದ್ರೆ ಕಾರಿಗೂ ಇದಕ್ಕೂ ಗಂಟು ಹಾಕ್ಬೇಡಿ.”

“ಹಾಗಾದ್ರೆ ರಬ್ಬರ್ ಬುಷ್ಷೇ ಹಾಕ್ಬೇಕಿತ್ತು ಮೇಡಂ” ಎಂದೆ.

“ಯಾವುದಕ್ರೀ?” ಎಂದು ಅವರು ಕನ್ನಡಕ ತೆಗೆದರು. ಹೆಂಡತಿ ಮಂಚದ ಮೇಲೆ ಮಲಗಿದ್ದಲ್ಲೇ ಕೈಯಿಂದ ಮುಖ ಮುಚ್ಚಿಕೊಂಡಳು.

ಆ ಶನಿವಾರ ನಾನು ಸೋತವನಾಗಿ ಜೆ.ಸಿ. ರಸ್ತೆಗೆ ಹೋದೆ, ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಕಡೆ. ಅಂಗಡಿಯಾತ ಮೇಲಿನ ಅಟ್ಟದಿಂದ ಧೂಳು ಹಿಡಿದ ಪೊಟ್ಟಣ ಇಳಿಸಿದ. ಬೆರಳಲ್ಲಿ ಒತ್ತಿದರೆ ರಬ್ಬರು ಚೂರು ಒಳಗೆ ಹೋಗಿ ಮತ್ತೆ ವಾಪಸ್ಸು ಬರುತ್ತಿತ್ತು. ಕಾರ್ಖಾನೆಯಲ್ಲಾಗಿದ್ದರೆ ನೋಡಿದ ತಕ್ಷಣ ಕೆಂಪು ಡಬ್ಬಕ್ಕೆ ಹಾಕುತ್ತಿದ್ದೆ. ಅಂಗಡಿಯಲ್ಲಿ ನಿಂತು ಒತ್ತುತ್ತಲೇ ಇದ್ದೆ. ಡಾಕ್ಟರು ಹೇಳಿದ್ದನ್ನು ಆಗ ನಂಬಿದೆನೇ ಎಂದು ಕೇಳಿದರೆ, ಅರ್ಧ ನಂಬಿದೆ. ಇನ್ನರ್ಧಕ್ಕೆ ಈ ರಬ್ಬರು ಬೇಕಿತ್ತು.

ಹಾಕುವ ಕ್ರಮದಲ್ಲಿ ಒಂದು ಸೂಕ್ಷ್ಮ ಇತ್ತು. ಅದನ್ನೂ ಆ ಹಳೆ ಕಾರಿನ ಹುಚ್ಚರೇ ಬರೆದಿದ್ದರು. ಕಾರನ್ನು ಎತ್ತಿ ಇಟ್ಟಾಗ ಚಕ್ರ ಜೋತುಬಿದ್ದಿರುತ್ತದೆ. ಆಗಲೇ ಬೋಲ್ಟು ಬಿಗಿ ಮಾಡಿಬಿಟ್ಟರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಹರಿದುಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಕಾರಿನ ಭಾರವನ್ನು ಚಕ್ರದ ಮೇಲೆ ಬಿಟ್ಟು, ಕೂರಬೇಕಾದವರಷ್ಟು ತೂಕ ಹೇರಿ, ಆಮೇಲೆ ಬಿಗಿ ಮಾಡಬೇಕು. ಹೊರಬೇಕಾದ್ದನ್ನು ಹೊತ್ತುಕೊಂಡು ನಿಂತ ಮೇಲೆಯೇ ಬಿಗಿಯುವುದು.

ಭಾನುವಾರ ರಬ್ಬರ್ ಬುಷ್ ಹಾಕಿ ಎಲ್ಲ ಸಡಿಲವಾಗಿ ಜೋಡಿಸಿ, ನಾಲ್ಕು ಚಕ್ರಗಳನ್ನೂ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಹಿಂದೆ ಮುಂದೆ ಕಲ್ಲು ಕೊಟ್ಟು, ಕಲ್ಲನ್ನು ಒದ್ದು ನೋಡಿ, ಮತ್ತೊಮ್ಮೆ ಒದ್ದು ನೋಡಿದೆ. ಮುಂದಿನ ಸೀಟಿಗೆ ಮಾವ ಬಂದು ಕೂತರು, ಈ ಸಲ ಕೇರಂ ಬೋರ್ಡು ಇಲ್ಲದೆ. ಹಿಂದಿನ ಸೀಟಿಗೆಂದು ನಾನು ಅಕ್ಕಿ ಮೂಟೆ ತರಿಸಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಮೂಟೆಯನ್ನು ನೋಡಿದಳು.

“ಅದ್ಯಾಕೆ? ನಾನೇ ಇದೀನಲ್ಲ.”

“ಬೇಡ ಕಣೇ. ಅಡಿಯಲ್ಲಿ ನಾನು ಸ್ಪ್ಯಾನರ್ ಹಾಕಿ ಎಳೀತಿರ್ತೀನಿ, ಕಾರು ಅಲ್ಲಾಡತ್ತೆ.”

“ಅಲ್ಲಾಡ್ಲಿ. ಇದ್ರಲ್ಲಿ ಕೂರೋಳು ನಾನು. ಅಕ್ಕಿ ತೂಕಕ್ಕೆ ಬಿಗಿ ಮಾಡಿದ್ರೆ ಅಕ್ಕಿಗೆ ಚೆನ್ನಾಗಿರತ್ತೆ.”

ಹೇಳಿದವಳೇ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಹತ್ತಿ ಕೂತಳು. ಕಾರು ಅವಳ ಭಾರಕ್ಕೆ ಒಂದಿಷ್ಟು ತಗ್ಗಿತು. ಅಷ್ಟು ಮೆತ್ತಗೆ ಅದು ತಗ್ಗಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಕಾರಿನ ಅಡಿಗೆ ತೂರಿದೆ. ಕತ್ತಲು, ಗ್ರೀಸಿನ ವಾಸನೆ, ಮೂಗಿನ ಹತ್ತಿರಕ್ಕೆ ಕಬ್ಬಿಣ. ನಾನು ಸೇರಿಸಿದ ಒಂದೊಂದು ಬೋಲ್ಟೂ ಈಗ ನನ್ನ ಮನೆಯವರನ್ನು ಹೊತ್ತು ನನ್ನ ಮೇಲೆ ನಿಂತಿತ್ತು. ದಿಮ್ಮಿ ಜಾರಿದರೆ? ನಟ್ಟಿನ ಮರೆ ಹಾಳಾಗಿದ್ದರೆ? ಯಾವುದಾದರೂ ಒಂದನ್ನು ಹಾಕುವುದನ್ನೇ ಮರೆತಿದ್ದರೆ? ಬೆವರು ಕಣ್ಣಿಗಿಳಿಯಿತು. ಮೇಲೆ ಬಳೆಗಳ ಸಣ್ಣ ಸದ್ದು ಕೇಳುತ್ತಿತ್ತು. ಒಂದು ನಟ್ಟು ಬಿಗಿ ಮಾಡಿದೆ. ಇನ್ನೊಂದಕ್ಕೆ ಸ್ಪ್ಯಾನರ್ ಕೂರಿಸಿದ್ದೆ.

“ರೀ!” ಎಂದು ಅವಳು ಕೂಗಿದಳು.

ತಲೆ ಎತ್ತಲು ಹೋಗಿ ಹಣೆ ಕಬ್ಬಿಣದ ತೋಳಿಗೆ ಬಡಿಯಿತು. “ಏನಾಯ್ತೇ? ಏನಾಯ್ತು?”

“ಏನಿಲ್ಲ, ಆಡ್ತು. ಜೋರಾಗಿ ಒದೀತು. ನೀವು ಎಳೆದ್ರಲ್ಲ, ಆಗ್ಲೇ.”

ಹಣೆಯ ಮೇಲೆ ರಕ್ತ ಬಂದಿತ್ತು, ಆಮೇಲೆ ಗೊತ್ತಾಯಿತು. ಆಗ ಮಾತ್ರ ಅಲ್ಲೇ ಅಂಗಾತ ಮಲಗಿ ನಕ್ಕೆ. “ಇನ್ನೊಂದ್ಸಲ ಎಳೀರಿ, ನೋಡಾಣ” ಎಂದಳು. ಉಳಿದ ನಟ್ಟುಗಳನ್ನೆಲ್ಲ ಅವಳ ವರದಿ ಕೇಳುತ್ತಾ ಬಿಗಿ ಮಾಡಿದೆ. ಮಾವ ಮುಂದಿನ ಸೀಟಿನಿಂದ, “ಎಷ್ಟು ಹೊತ್ತಿಗೆ ಒದೀತು ಅಂತ ನೋಡ್ಕೊಮ್ಮಾ” ಎಂದರು. ಟೈಂ ಆಫೀಸಿನ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

ಭಯ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದಿನಾ ಬೆಳಿಗ್ಗೆ ಜಾಲಹಳ್ಳಿಗೆ ಹೋಗಿ, ಟಾರ್ಚು ಹಿಡಿದು ಬಗ್ಗಿ, ನಟ್ಟುಗಳ ಹಳದಿ ಗೆರೆ ತಪ್ಪಿದೆಯೇ ಎಂದು ನೋಡಿ, ಆಮೇಲೆ ಒಳಗೆ ಹೋಗಿ “ಆಡ್ತಾ?” ಎಂದು ಕೇಳಿ, ಕಾರ್ಖಾನೆಗೆ ಹೋಗುತ್ತಿದ್ದೆ. ಬಡಾವಣೆಯವರು ನನಗೆ ಸೊಂಟನೋವು ಎಂದುಕೊಂಡಿದ್ದರು. ಗೆರೆಗಳು ತಪ್ಪಲಿಲ್ಲ. ಆಡುವುದೂ ನಿಲ್ಲಲಿಲ್ಲ.

ಹೆಣ್ಣುಮಗು ಹುಟ್ಟಿತು. ಹೆರಿಗೆಗೆ ಕರೆದುಕೊಂಡು ಹೋದದ್ದೂ ಆ ಕಾರಿನಲ್ಲೇ, ಆದರೆ ಆ ದಾರಿ ನನಗೆ ಒಂದು ಚೂರೂ ನೆನಪಿಲ್ಲ. ನೆನಪಿರುವುದು ವಾಪಸ್ಸು ಬಂದ ದಾರಿ. ಮಗು ಆಸ್ಪತ್ರೆಯ ಬಾಗಿಲಿನಿಂದಲೇ ಅಳಲು ಶುರು ಮಾಡಿತ್ತು. ಮುಷ್ಟಿಯಷ್ಟು ಮುಖ, ಅದರ ತುಂಬ ಬಾಯಿ. ಹಾಲು ಕೊಟ್ಟಾಯಿತು, ಬಟ್ಟೆ ಬದಲಿಸಿಯಾಯಿತು, ಅತ್ತೆ ತಟ್ಟಿದರು, ಮಾವ ಚಿಟಿಕೆ ಹೊಡೆದರು. ನಿಲ್ಲಲಿಲ್ಲ. ಮಾವ ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟರು. ಪಚಕ್ಕೆಂದು ಅವುಗಳ ಮೇಲೆ ಹತ್ತಿಸಿ ಹೊರಟೆ. ಯಶವಂತಪುರದ ಹತ್ತಿರ ಆಗಷ್ಟೇ ಟಾರು ಹಾಕಿ ನುಣ್ಣಗೆ ಮಾಡಿದ್ದ ರಸ್ತೆ. ಅಂಥ ರಸ್ತೆಯಲ್ಲಿ ಕೂಡ ಮಗು ಕಿರುಚಿ ಕಿರುಚಿ ಕೆಂಪಾಯಿತು. ಮುಂದೆ ಅಗೆದ ರಸ್ತೆ ಕಾದಿತ್ತು. ಇಲ್ಲೇ ಹೀಗಾದರೆ ಅಲ್ಲಿ ಏನು ಗತಿ ಎಂದು ವೇಗ ತಗ್ಗಿಸಿದೆ.

ಟಾರು ಮುಗಿಯಿತು. ಮುಂದಿನ ಚಕ್ರ ಗುಂಡಿಗೆ ಇಳಿಯಿತು. ಕಾರು ಮೆಲ್ಲಗೆ ತಗ್ಗಿ ಎದ್ದಿತು. ಬಳೆಗಳು ಜಲ್ ಎಂದವು. ಅಳು ನಿಂತಿತು.

ನಾನು ಗಾಬರಿಯಾಗಿ ಕಾರು ನಿಲ್ಲಿಸಿದೆ. “ಏನಾಯ್ತು?” ಎಂದು ಹಿಂದಕ್ಕೆ ತಿರುಗಿದೆ. ನಿಲ್ಲಿಸಿದ ಕೂಡಲೇ ಮಗು ಮತ್ತೆ ಬಾಯಿ ತೆರೆಯಿತು. ಹೆಂಡತಿ ಮಗುವಿನ ಮುಖವನ್ನೇ ನೋಡುತ್ತಿದ್ದಳು.

“ಹೋಗ್ರೀ, ಹೋಗಿ” ಎಂದಳು.

ಹೋದೆ. ಗುಂಡಿ ಬಂತು, ಬಳೆ ಸದ್ದು ಮಾಡಿತು, ಅಳು ನಿಂತಿತು. ಇನ್ನೊಂದು ಗುಂಡಿ, ಇನ್ನೊಂದು. ಕಂಬದಿಂದ ಕಂಬಕ್ಕೆ ಹೋಗುತ್ತ ಹೋಗುತ್ತ ಮಗು ಕಣ್ಣು ಮುಚ್ಚಿತು. ಕೊನೆಯ ತಿಂಗಳುಗಳಲ್ಲಿ ಅದು ಒಳಗಿದ್ದು ಕೇಳಿಸಿಕೊಂಡದ್ದು ಇದನ್ನೇ, ತೂಗಿಸಿಕೊಂಡದ್ದು ಹೀಗೆಯೇ. ಜಾಲಹಳ್ಳಿ ಕ್ರಾಸಿಗೆ ಬಂದು ಬಡಾವಣೆಯ ನುಣುಪು ರಸ್ತೆಗೆ ತಿರುಗಿದೆ. ಮನೆ ಕಾಣುತ್ತಿತ್ತು, ಆರತಿ ತಟ್ಟೆ ಹಿಡಿದು ಅಕ್ಕಪಕ್ಕದವರು ನಿಂತದ್ದೂ ಕಾಣುತ್ತಿತ್ತು. ಮಗು ಎಚ್ಚರಗೊಂಡು ಕಿಟಾರನೆ ಕಿರುಚಿತು.

ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇಳಿಯುತ್ತಿತ್ತು. ಹಿಂದಿನ ವರ್ಷದ ಆ ಆಟೋ ಅವಳಿಗೂ ನೆನಪಾಗಿತ್ತು ಎಂದು ನನಗೆ ಗೊತ್ತಾಯಿತು. ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಪೂರ್ತಿಯಾಗಿ ನಂಬಿದ್ದು ಆಗಲೇ.

“ತಿರುಗಿಸ್ರೀ” ಎಂದಳು.

ನಾನು ಕಾರು ತಿರುಗಿಸಿ ತುಮಕೂರು ರಸ್ತೆಗೆ ವಾಪಸ್ಸು ಬಂದೆ. ಅಷ್ಟು ದಿನ ಶಪಿಸಿ ತಪ್ಪಿಸಿದ್ದ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ, ಒಂದನ್ನೂ ಬಿಡದೆ, ಚಕ್ರ ಇಳಿಸುತ್ತಾ ಹೋದೆ.